ಬಿಲ್ಲು, ಭರಮಾರ ಬಂದೂಕು ಮತ್ತು ಬೇಟೆಯ ಕಟ್ಟಳೆ

ಹಳಗನ್ನಡದಲ್ಲಿ ಬೇಟವೆಂದರೆ ಪ್ರಣಯ, ಬೇಂಟೆಯೆಂದರೆ ಮೃಗಯೆ. ಎರಡು ಮಾತುಗಳ ನಡುವೆ ಇರುವ ಅಂತರ ಅತ್ಯಲ್ಪ. ನಮ್ಮ ಕವಿಗಳು ಎರಡನ್ನೂ ಒಂದೇ ಉತ್ಸಾಹದಿಂದ ವರ್ಣಿಸಿದರು. ವಸಂತ, ಜಲಕ್ರೀಡೆ, ಚಂದ್ರೋದಯಗಳಂತೆ ಬೇಟೆಯೂ ಕಾವ್ಯಕ್ಕೆ ಒಂದು ಅಲಂಕಾರವೆನಿಸಿತು. ಆದರೆ ಕಾವ್ಯದ ಬೇಟೆಯನ್ನು ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಬೇಟೆಯಾಡುವ ಹಕ್ಕು ಯಾರದಾಗಿತ್ತು? ಯಾವ ಆಯುಧದಿಂದ ಆಡಬಹುದಾಗಿತ್ತು? ಆಯುಧದ ಕಟ್ಟಳೆಯನ್ನು ಯಾರು ಮಾಡಿದರು, ಯಾರ ಸಲುವಾಗಿ ಮಾಡಿದರು? ಆಯುಧದ ಕಟ್ಟಳೆಯೆಂದರೆ ಮೇಲುನೋಟಕ್ಕೆ ಬಿಲ್ಲು ಬಂದೂಕುಗಳ ಮಾತು. ಒಳಹೊಕ್ಕು ನೋಡಿದರೆ ಅದು ಮನುಷ್ಯರ ಮಾತು, ಯಾರನ್ನು ಬೇಟೆಗಾರನೆನ್ನಬೇಕು ಮತ್ತು ಯಾರನ್ನು ಕಳ್ಳನೆನ್ನಬೇಕು ಎಂಬ ಮಾತು. ಬೀದರ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಿಸಬಹುದೆಂದು ನನಗೆ ತೋರುತ್ತದೆ.

ಬೇಟೆಯನ್ನು ಕುರಿತು ಶಾಸ್ತ್ರೀಯವಾಗಿ ಬರೆದ ಭಾರತೀಯ ಗ್ರಂಥಗಳಲ್ಲಿ ಬಹು ಮುಖ್ಯವಾದ ಒಂದು ಹುಟ್ಟಿದ್ದು ಇಂದಿನ ಬೀದರ ಜಿಲ್ಲೆಯ ನೆಲದಲ್ಲಿಯೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೇ ಆ ಗ್ರಂಥ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಇದರಲ್ಲಿ ವಿನೋದಗಳಿಗಾಗಿ ಮೀಸಲಾದ ವಿಂಶತಿಯಲ್ಲಿ ಶಸ್ತ್ರವಿನೋದ, ನಾಯಿಗಳನ್ನು ಕುರಿತ ಸಾರಮೇಯವಿನೋದ, ಗಿಡುಗನನ್ನು ಕುರಿತ ಶ್ಯೇನವಿನೋದ, ಮತ್ಸ್ಯವಿನೋದ ಮತ್ತು ಮೃಗಯಾವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ನೀರಿಗೆ ಬರುವ ಮೃಗವನ್ನು ಕಾದು ಹೊಡೆಯುವುದು, ಪಳಗಿದ ಮೃಗವನ್ನು ಮುಂದೊಡ್ಡಿ ಕಾಡಿನ ಮೃಗವನ್ನು ಸೆಳೆಯುವುದು, ಪಳಗಿಸಿದ ಸಿವಂಗಿಯನ್ನು, ಎಂದರೆ ಚೀತಾವನ್ನು, ಜಿಂಕೆಯ ಮೇಲೆ ಬಿಡುವುದು ಮುಂತಾದ ವಿಧಾನಗಳನ್ನು ದೊರೆ ತಾನೇ ಕಂಡು ಅನುಭವಿಸಿದವನಂತೆ ನಿರೂಪಿಸುತ್ತಾನೆ. ಚೀತಾದಿಂದ ಬೇಟೆಯಾಡಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ದೊರೆಯುವ ಸ್ಪಷ್ಟವಾದ ಉಲ್ಲೇಖಗಳಲ್ಲಿ ಇದು ಬಹಳ ಹಳೆಯದು. ಸೆಳೆಯಲು ಬಳಸುವ ಪಳಗಿದ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಚಿಕ್ಕದಾದ ಚೊಕ್ಕ ಮಾತಿದೆ. ಸಂಸ್ಕೃತದಲ್ಲಿ ಬರೆಯುತ್ತಿದ್ದ ಅರಸನ ಅರಮನೆಯ ಹೊರಗೆ ಈ ವಿದ್ಯೆಯನ್ನು ಬಲ್ಲವರು ಕನ್ನಡದಲ್ಲಿಯೇ ಮಾತಾಡುತ್ತಿದ್ದರೆನ್ನಲು ಈ ಒಂದು ಪದವೇ ಸಾಕು.

ಸೋಮೇಶ್ವರನ ಗ್ರಂಥದಲ್ಲಿ ಬೇಟೆ ಒಂದು ವಿನೋದ. ಹಸಿವೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅದನ್ನು ಸಜ್ಜುಗೊಳಿಸುವ ಬೇಡರು, ನಾಯಿಗಳನ್ನು ಹಿಡಿದವರು, ಗಿಡುಗನನ್ನು ಸಾಕಿದವರು ಎಲ್ಲರೂ ಇದ್ದಾರೆ. ಆದರೆ ವಿನೋದ ಅರಸನದು. ಇನ್ನೊಂದು ಬಗೆಯ ಬೇಟೆಯ ಕಥೆ ನಮಗೆ ಕಲ್ಲಿನ ಮೇಲೆ ಸಿಗುತ್ತದೆ. ಮಂಡ್ಯ ಸೀಮೆಯ ಆತಕೂರಿನ ಶಾಸನವು ಕ್ರಿ.ಶ. 949-50ರ ಸುಮಾರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಮಹಾಯುದ್ಧವನ್ನು ಹೇಳುವ ಆ ಕಲ್ಲೇ, ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ತಾನೂ ಸತ್ತ ಸಂಗತಿಯನ್ನೂ ಹೇಳುತ್ತದೆ. ಚಕ್ರವರ್ತಿಯ ವಿಜಯ ಮತ್ತು ಒಂದು ಬೇಟೆನಾಯಿಯ ಮರಣ ಒಂದೇ ಕಲ್ಲಿನಲ್ಲಿ ಸ್ಥಾನ ಪಡೆದಿವೆ. ಬೇಟೆಯು ಅರಮನೆಯ ಆಟವಾಗಿದ್ದಂತೆಯೇ ಊರಿನ ಬಾಳಿಗೂ ಸೇರಿದ್ದಾಗಿತ್ತು. ಅಲ್ಲಿ ನಾಯಿಗೂ ಹೆಸರಿತ್ತು, ಸ್ಮಾರಕವಿತ್ತು.

ಹೆಂಗಸರಿಗೆ ಈ ಲೋಕ ಮುಚ್ಚಿತ್ತೆಂದು ಭಾವಿಸಬೇಕಾದ್ದಿಲ್ಲ. ಬೇಲೂರಿನ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾತಿ ಇದ್ದಾಳೆ. ನಮ್ಮ ಜಿಲ್ಲೆಯ ಜಲಸಂಗಿಯ ದೇವಾಲಯದಲ್ಲಿ ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಕೈಯಲ್ಲಿ ಲೇಖನಿ ಇರುವಂತೆ ಬೇಲೂರಿನವಳ ಕೈಯಲ್ಲಿ ಧನುಸ್ಸು. ಹರಿಹರನು ರಗಳೆಯಲ್ಲಿ ಹಾಡಿದ ಕಣ್ಣಪ್ಪನಾದರೋ ಬೇಟೆಯ ಮಾಂಸವನ್ನೇ ಶಿವನಿಗೆ ನೈವೇದ್ಯ ಮಾಡಿ ಪುರಾತನರ ಸಾಲಿನಲ್ಲಿ ಸೇರಿದ. ಎಂದ ಮೇಲೆ ಬೇಡನ ಬಿಲ್ಲನ್ನು ನಮ್ಮ ಸಾಹಿತ್ಯ ಹೀನವೆಂದು ಕಾಣಲಿಲ್ಲ. ಹೀನವೆಂದು ಕಂಡದ್ದು ಮುಂದೆ ಬಂದ ಕಾಯಿದೆ.

ಬಿಲ್ಲಿನ ವಿಷಯಕ್ಕೆ ಬರೋಣ. ನಮ್ಮ ಕಾವ್ಯ ಶಿಲ್ಪಗಳಲ್ಲಿ ಕಾಣುವುದು ಕೈಯಿಂದ ಸೆಳೆದು ಹಿಡಿಯುವ ಬಿಲ್ಲು. ಇದರ ಕಷ್ಟವೆಂದರೆ, ನಾರಿಯನ್ನು ಕಿವಿಯವರೆಗೆ ಎಳೆದವನು ಗುರಿ ನೋಡುವ ತನಕ ಆ ಸೆಳೆತವನ್ನು ತೋಳಿನಲ್ಲಿಯೇ ತಡೆದಿರಬೇಕು. ಅದಕ್ಕೆ ಬಾಲ್ಯದಿಂದ ಅಭ್ಯಾಸ ಬೇಕು, ತೋಳಿನ ಕಸುವು ಬೇಕು. ಚೀನಾ ಮತ್ತು ಯೂರೋಪುಗಳಲ್ಲಿ ಬಹು ಹಿಂದೆಯೇ ಇನ್ನೊಂದು ಬಗೆಯ ಬಿಲ್ಲು ಬಳಕೆಗೆ ಬಂದಿತ್ತು. ಮರದ ದಿಂಡಿನ ತುದಿಯಲ್ಲಿ ಬಿಲ್ಲನ್ನು ಅಡ್ಡಲಾಗಿ ಜೋಡಿಸಿ, ನಾರಿಯನ್ನು ಎಳೆದು ಒಂದು ಕೊಕ್ಕೆಗೆ ಸಿಕ್ಕಿಸಿಟ್ಟು, ಬೇಕಾದಾಗ ಕೆಳಗಿನ ಕೀಲನ್ನು ಒತ್ತಿದರೆ ಬಾಣ ಹಾರುತ್ತದೆ. ಇದನ್ನು ಅಡ್ಡಬಿಲ್ಲು ಎಂದು ಕರೆಯೋಣ. ಸೆಳೆತವನ್ನು ತಡೆಯುವ ಕೆಲಸ ತೋಳಿನಿಂದ ಕೊಕ್ಕೆಗೆ ವರ್ಗವಾಯಿತು. ಕೆಲವು ವಾರಗಳ ಅಭ್ಯಾಸದಿಂದ ಸಾಮಾನ್ಯನೂ ಗುರಿಕಾರನಾಗಬಹುದಾಯಿತು. ಕೇರಳದಲ್ಲಿ ಮೀನು ಹೊಡೆಯಲು ಇಂಥ ಚಿಕ್ಕ ಅಡ್ಡಬಿಲ್ಲನ್ನು ಬಳಸುತ್ತಿದ್ದುದನ್ನು ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸರು 1924ರಲ್ಲಿ ವಿವರಿಸಿ ಬರೆದಿದ್ದಾರೆ.

ಹೀಗೆ ದುರ್ಬಲನಿಗೂ ಒದಗುವ ಆಯುಧವನ್ನು ಬಲಿಷ್ಠರು ಹೇಗೆ ಕಂಡರು ಎಂಬುದು ಸ್ವಾರಸ್ಯವಾದ ಸಂಗತಿ. ಕಲ್ಯಾಣದಲ್ಲಿ ಸೋಮೇಶ್ವರನ ಆಳ್ವಿಕೆ ಮುಗಿದ ಮರುವರ್ಷವೇ, ಎಂದರೆ 1139ರಲ್ಲಿ, ರೋಮಿನಲ್ಲಿ ಸೇರಿದ ಎರಡನೆಯ ಲ್ಯಾಟರನ್ ಧರ್ಮಸಭೆಯು ಕ್ರೈಸ್ತರ ಮೇಲೆ ಅಡ್ಡಬಿಲ್ಲಿನವರ ಮತ್ತು ಬಿಲ್ಲಾಳುಗಳ ಮಾರಕ ವಿದ್ಯೆಯನ್ನು ಪ್ರಯೋಗಿಸುವುದಕ್ಕೆ ಬಹಿಷ್ಕಾರ ಹಾಕಿತು. 1541ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಶಾಸನವು ವರ್ಷಕ್ಕೆ ನೂರು ಪೌಂಡಿನ ಭೂಮಿಯ ಉತ್ಪನ್ನವಿಲ್ಲದವನು ಅಡ್ಡಬಿಲ್ಲನ್ನಾಗಲಿ ಕೈಬಂದೂಕನ್ನಾಗಲಿ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಪ್ರಜೆಗಳು ಉದ್ದಬಿಲ್ಲಿನ ಅಭ್ಯಾಸವನ್ನು ಬಿಡಬಾರದು ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣವೇನೇ ಇರಲಿ, ಪರಿಣಾಮ ಒಂದೇ: ಸುಲಭವಾದ ಆಯುಧ ಶ್ರೀಮಂತನಿಗೆ, ಕಷ್ಟದ ಆಯುಧ ಬಡವನಿಗೆ. ಆಯುಧದ ಕಟ್ಟಳೆಯು ಮನುಷ್ಯರ ಕಟ್ಟಳೆ ಎಂದು ನಾನು ಮೊದಲು ಹೇಳಿದ್ದು ಈ ಅರ್ಥದಲ್ಲಿ.

ಅಡ್ಡಬಿಲ್ಲು ಯೂರೋಪಿನಲ್ಲಿ ಮಾಡಿದ ಕೆಲಸವನ್ನು ನಮ್ಮ ದಖ್ಖನಿನಲ್ಲಿ ಮಾಡಿದ್ದು ಬಂದೂಕು. ಬೀದರಿನ ಇತಿಹಾಸವೇ ಒಂದು ಬೇಟೆಯಿಂದ ಆರಂಭವಾಗುತ್ತದೆಂದು ಐತಿಹ್ಯ. ಇಲ್ಲಿಗೆ ಬೇಟೆಗೆ ಬಂದ ಬಹಮನಿ ಸುಲ್ತಾನ ಅಹಮದ ಶಹನು, ಒಂದು ನರಿ ತನ್ನನ್ನು ಅಟ್ಟಿದ ನಾಯಿಗಳಿಗೇ ತಿರುಗಿ ನಿಂತುದನ್ನು ಕಂಡು, ಈ ನೆಲದಲ್ಲಿ ಏನೋ ಗುಣವಿದೆಯೆಂದು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಬದಲಾಯಿಸಿದನಂತೆ. ಇಂಥದೇ ಕಥೆಯನ್ನು ಹಂಪೆಯ ಬಗೆಗೂ ಗುಜರಾತಿನ ಅಹಮದಾಬಾದಿನ ಬಗೆಗೂ ಹೇಳುತ್ತಾರೆ. ಅಲ್ಲಿ ನರಿಯ ಬದಲು ಮೊಲ. ಕಥೆಯನ್ನು ನಂಬಬೇಕಾದ್ದಿಲ್ಲ. ಆದರೆ ರಾಜಧಾನಿಗಳನ್ನು ಕಟ್ಟಿದವರು ತಮ್ಮನ್ನು ಬೇಟೆಗಾರರೆಂದು ಕರೆದುಕೊಳ್ಳಲು ಇಷ್ಟಪಟ್ಟರು ಎಂಬುದನ್ನು ನಂಬಬಹುದು. ಬಲಿಷ್ಠನಿಗೆ ತಿರುಗಿ ನಿಂತ ದುರ್ಬಲ ಪ್ರಾಣಿಯನ್ನು ಅವರು ಕಥೆಯಲ್ಲಿ ಮೆಚ್ಚಿದರು ಎಂಬುದನ್ನೂ ನಾವು ನೆನಪಿನಲ್ಲಿಡಬೇಕು.

ಬೀದರ ಕೋಟೆಯ ಬುರುಜುಗಳ ಮೇಲೆ ಬರೀದಶಾಹಿ ಕಾಲದ ಬೃಹತ್ ತೋಪುಗಳು ಇಂದಿಗೂ ಕುಳಿತಿವೆ. ತೋಪನ್ನು ಎರಕ ಹೊಯ್ಯುವ ಜಾಣ್ಮೆ ಇದ್ದಲ್ಲಿ ಕೈಬಂದೂಕು ಬರುವುದಕ್ಕೆ ತಡವಾಗಲಾರದು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಕ್ರಿಸ್ತೊವಾಂ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಜನ ಬಂದೂಕುಗಾರರೊಡನೆ ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆದು ಉರುಳಿಸಿದ ಸಂಗತಿಯನ್ನು ನೂನಿಜ್ ಬರೆದಿಟ್ಟಿದ್ದಾನೆ. ಅದಾದ ನೂರೆಂಬತ್ತೈದು ವರ್ಷಗಳಿಗೆ, 1705ರಲ್ಲಿ, ಮುದಿ ಔರಂಗಜೇಬನು ತನ್ನ ಕೊನೆಯ ಮುತ್ತಿಗೆಯನ್ನು ಹೂಡಿದ್ದು ಸುರಪುರದ ಬೇಡ ನಾಯಕರ ವಾಗಿನಗೇರಿಯ ಮೇಲೆ. ಅಲ್ಲಿ ಅವನ ಮಹಾಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರು ಬೇಡರ ಬಂದೂಕುಗಾರರು. ಬಿಲ್ಲಿನ ಬೇಡನು ಎರಡು ಶತಮಾನಗಳೊಳಗೆ ಬಂದೂಕಿನ ಬೇಡನಾಗಿದ್ದ.

ಈ ಬಂದೂಕಿನ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬೀದರದಲ್ಲಿ ಮೂರು ಭಾಷೆಗಳು ಹೆಣೆದುಕೊಂಡಿರುವುದರಿಂದ ಅದಕ್ಕೆ ಹೆಸರುಗಳೂ ಹಲವು. ದಖನಿಯಲ್ಲಿ ಅದು ಭರಮಾರ, ಎಂದರೆ ತುಂಬಿ ಹೊಡೆಯುವುದು. ಭಾಲ್ಕಿ ಔರಾದಗಳ ಕಡೆ ಮರಾಠಿ ಬಲ್ಲವರ ಬಾಯಲ್ಲಿ ಅದು ಠಾಸಣಿಯ ಬಂದೂಕು, ಎಂದರೆ ತುರುಕಿ ಜಡಿಯುವುದು. ಮಲೆನಾಡಿಗೆ ಹೋದರೆ ಅದೇ ಕೇಪಿನ ಕೋವಿ. ನಳಿಗೆಯ ಬಾಯಿಂದ ಅಳತೆಯ ಮದ್ದನ್ನು ಸುರಿಯಬೇಕು. ಮೇಲೆ ಬಟ್ಟೆಯ ಚಿಂದಿಯನ್ನೋ ನಾರನ್ನೋ ತುರುಕಿ ಗಜದಿಂದ ಜಡಿಯಬೇಕು. ಅನಂತರ ಚರೆ ಅಥವಾ ಗುಂಡು, ಅದರ ಮೇಲೆ ಮತ್ತೆ ಚಿಂದಿ, ಮತ್ತೆ ಗಜ. ಹಳೆಯ ತೋಡೆದಾರ ಬಂದೂಕಿನಲ್ಲಿ ನಿಧಾನವಾಗಿ ಉರಿಯುವ ಬತ್ತಿಯನ್ನು ರಂಜಕಕ್ಕೆ ಮುಟ್ಟಿಸಿ ಕಿಡಿ ಹಚ್ಚುತ್ತಿದ್ದರು. ಆಮೇಲೆ ಚಕಮಕಿ ಕಲ್ಲು ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂತು. ಏನು ಬಂದರೂ ಏಟು ಒಂದೇ. ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಮೃಗ ದಾಟಿಹೋಗಿರುತ್ತದೆ, ಇಲ್ಲವೆ ಮೈಮೇಲೆ ಬಂದಿರುತ್ತದೆ. ಮಳೆಯಲ್ಲಿ ಮದ್ದು ತೋಯ್ದರೆ ಬಂದೂಕು ಬರಿಯ ದೊಣ್ಣೆ.

ಆದರೆ ಇದಕ್ಕೊಂದು ದೊಡ್ಡ ಗುಣವಿತ್ತು: ಇದನ್ನು ಊರ ಕಮ್ಮಾರನು ದುರಸ್ತಿ ಮಾಡಬಲ್ಲ. ಮದ್ದಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಅದು ಹಳೆಯ ಗೋಡೆಗಳ, ದನದ ಕೊಟ್ಟಿಗೆಗಳ ಮಣ್ಣಿನಿಂದ ದೊರೆಯುವಂಥದು. ನಮ್ಮ ಬಿದರಿ ಕಸಬುದಾರರು ಪಾತ್ರೆಗೆ ಮಾಸದ ಕಪ್ಪು ಬಣ್ಣ ಕೊಡಲು ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ಆಯ್ದು ತರುತ್ತಾರಲ್ಲವೆ? ಆ ಮಣ್ಣಿನಲ್ಲಿಯೂ ಇರುವುದು ಅದೇ ಬಗೆಯ ಕ್ಷಾರ. ಒಂದೇ ಮಣ್ಣು ಒಂದು ಕೈಯಲ್ಲಿ ಹೂದಾನಿಯನ್ನು ಕಪ್ಪಾಗಿಸಿತು, ಇನ್ನೊಂದು ಕೈಯಲ್ಲಿ ಸಿಡಿಯಿತು. ಕಾರಖಾನೆಯ ತೋಟೆಯನ್ನು ನಂಬಿದ ಹೊಸ ಬಂದೂಕಿಗೆ ಈ ಸ್ವಾತಂತ್ರ್ಯವಿಲ್ಲ. ಭರಮಾರವನ್ನು ಸರಕಾರಗಳು ಶಂಕೆಯಿಂದ ನೋಡಿದ್ದಕ್ಕೆ ಈ ಸ್ವಾತಂತ್ರ್ಯವೂ ಒಂದು ಕಾರಣವಿರಬೇಕು.

ಆ ಶಂಕೆ ರಕ್ತದಲ್ಲಿ ಮುಗಿದ ಪ್ರಸಂಗ ಕನ್ನಡಿಗರಿಗೆ ತಿಳಿಯದ್ದಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಜನರು ತಮ್ಮ ಆಯುಧಗಳನ್ನು ನೋಂದಾಯಿಸಬೇಕೆಂದು ಅಪ್ಪಣೆಯಾದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಡನಿಗೆ ಆಯುಧವೆಂದರೆ ಬರಿಯ ವಸ್ತುವಲ್ಲ. ಹೊಟ್ಟೆಯ ಪಾಡು, ಕುಲದ ಗುರುತು. ಆ ವರ್ಷದ ನವೆಂಬರ್ ಕೊನೆಯಲ್ಲಿ ಇಂಗ್ಲಿಷ್ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಸಿಕ್ಕವರಲ್ಲಿ ಅನೇಕರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಉಳಿಸಿದ್ದು ಲಾವಣಿ. ಆ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಇತಿಹಾಸದ ಒಂದು ವಿಚಿತ್ರ.

ಇದಾದ ನಾಲ್ಕು ವರ್ಷಗಳಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅವರ ನಿಷ್ಠೆ ಮತ್ತು ಶೌರ್ಯಗಳು ಅದಕ್ಕೆ ಹೇಳಿದ ಕಾರಣ. ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ಈ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಆ ಜನದ ಸಂಪ್ರದಾಯ ಸುಂದರವಾದುದು. ಅದಕ್ಕೆ ಯಾರೂ ಅಸೂಯೆಪಡಬೇಕಾಗಿಲ್ಲ. ಆದರೆ ಒಂದೇ ಕನ್ನಡ ನಾಡಿನಲ್ಲಿ, ಒಂದೇ ಬಗೆಯ ಬಂದೂಕಿಗೆ, ಒಂದು ಜನಕ್ಕೆ ಗೌರವವೂ ಇನ್ನೊಂದು ಜನಕ್ಕೆ ನೇಣೂ ದೊರೆತವೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು. 1878ರಲ್ಲಿ ಬಂದ ಆಯುಧ ಕಾಯಿದೆ ಈ ಭೇದವನ್ನು ಇನ್ನೂ ವಿಸ್ತರಿಸಿತು. ಭಾರತೀಯನಿಗೆ ಪರವಾನಗಿ ಬೇಕು, ಯೂರೋಪಿಯನ್ನನಿಗೆ ಬೇಡ.

ಬೀದರ ಆಗ ನಿಜಾಮರ ರಾಜ್ಯದಲ್ಲಿದ್ದುದರಿಂದ ಬ್ರಿಟಿಷ್ ಕಾಯಿದೆಯ ನೇರ ವ್ಯಾಪ್ತಿಗೆ ಸೇರಿರಲಿಲ್ಲ. ಆದರೆ ಭೇದ ಇಲ್ಲಿಯೂ ಇತ್ತು. ಆರನೆಯ ನಿಜಾಮ ಮಹಬೂಬ ಅಲಿ ಖಾನರು ಹುಲಿಯ ಬೇಟೆಗೆ ಹೆಸರಾದವರು. ಅವರ ಶಿಕಾರಿಯ ಬಿಡಾರಗಳನ್ನೂ ಸತ್ತ ಹುಲಿಗಳನ್ನೂ ರಾಜಾ ದೀನದಯಾಳರ ಛಾಯಾಚಿತ್ರಗಳಲ್ಲಿ ಇಂದಿಗೂ ಕಾಣಬಹುದು. ಅದೇ ನೆಲದಲ್ಲಿ ಇನ್ನೊಬ್ಬ ಬೇಟೆಗಾರನಿದ್ದ. ಅವನ ಚಿತ್ರವನ್ನು ಯಾರೂ ತೆಗೆಸಲಿಲ್ಲ. ಅವನು ಪಾರಧಿ. ಫಾಸೆ ಪಾರಧಿ ಎಂಬ ಹೆಸರಿನಲ್ಲಿಯೇ ಅವನ ಆಯುಧವಿದೆ. ಫಾಸೆ ಎಂದರೆ ಉರುಲು. ಅವನಿಗೆ ಬಂದೂಕು ಬೇಡ, ಮದ್ದು ಬೇಡ. ನರದಿಂದಲೋ ಹಗ್ಗದಿಂದಲೋ ಹೆಣೆದ ಕುಣಿಕೆಗಳು ಮತ್ತು ಮೃಗದ ನಡೆಯ ತಿಳಿವಳಿಕೆ ಸಾಕು. ಪಾರಧಿಗಳಲ್ಲಿಯೇ ಚೀತಾವನ್ನು ಹಿಡಿದು ಪಳಗಿಸುವ ಒಂದು ಪಂಗಡವಿತ್ತು. ಸೋಮೇಶ್ವರನು ಗ್ರಂಥದಲ್ಲಿ ಬರೆದ ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡು ಬಂದವರು ಇವರೇ. ಇಂಥ ಅಲೆಮಾರಿ ಜನಗಳನ್ನು ಬ್ರಿಟಿಷ್ ಸರಕಾರ 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹುಟ್ಟುಗಳ್ಳರೆಂದು ಪಟ್ಟಿಮಾಡಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಹೆಸರಿಗಂಟಿದ ಕಳಂಕ ಮಾತ್ರ ರದ್ದಾಗಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯಲ್ಲಿ ಒಂದು ವಿಶೇಷವಿದೆ. ಅದರ 13ನೆಯ ಪ್ರಕರಣದಲ್ಲಿ, ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿಯಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕು. ಪ್ರಾಮಾಣಿಕವಾದ ಬೆಳೆರಕ್ಷಣೆಗಾಗಿಯಾದರೆ ಬಾಯಿಂದ ತುಂಬುವ ಬಂದೂಕು, ಎಂದು ವಿಂಗಡಿಸಿದೆ. ಭರಮಾರ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಒಕ್ಕಲಿಗನಿಗೆ ಇನ್ನೊಂದು ಬಗೆಯದು. ಎಂದರೆ ಕಾಯಿದೆಯ ಕಣ್ಣಿನಲ್ಲಿ ಭರಮಾರವು ರೈತನ ಬಂದೂಕು. ಕನಿಷ್ಠ ಅದನ್ನಾದರೂ ಅವನಿಗೆ ಹಕ್ಕಿನಂತೆ ಕೊಟ್ಟದ್ದು ದೊಡ್ಡ ಮಾತೇ.

ಔರಾದ ತಾಲ್ಲೂಕಿನ ನನ್ನ ಸೋದರಮಾವನ ಮನೆಯಲ್ಲಿ ಇಂಥದೊಂದು ಬಂದೂಕು ಜಂತಿಗೆ ತೂಗುತ್ತಿತ್ತು. ಅದರ ಪರವಾನಗಿಯ ಕಾಗದ ತಗಡಿನ ಡಬ್ಬಿಯಲ್ಲಿ ಹೊಲದ ಪಹಣಿಯ ಜೊತೆಗಿತ್ತು. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸು ಠಾಣೆಗೆ ಹೋಗಿ, ಎಣಿಕೆ ಮುಗಿದ ಮೇಲೆ ಮರಳಿ ಬರುತ್ತಿತ್ತು. ಚಿಕ್ಕಂದಿನಲ್ಲಿ ನಾನು, ‘ಮಾಮಾ, ಇದರಿಂದ ಹುಲಿ ಹೊಡೆದೀರೇನು?’ ಎಂದು ಕೇಳಿದ್ದುಂಟು. ಅವರು ನಕ್ಕು, ‘ಹುಲಿ ಎಲ್ಲೀದಪ್ಪಾ, ಇದು ಸಪ್ಪಳ ಮಾಡ್ಲಿಕ್ಕ ಅಷ್ಟ. ಹಂದಿ ಓಡಿ ಹೋದ್ರ ಸಾಕು, ಜ್ವಾಳ ಉಳೀತದ’ ಎಂದರು. ಮಂಚಿಕೆಯ ಮೇಲೆ ಇಡೀ ರಾತ್ರಿ ಕೂತು, ಕವಣೆ ಬೀಸಿ, ತಗಡು ಬಾರಿಸಿ, ಕೊನೆಗೆ ಒಂದು ಬರಿಯ ಮದ್ದಿನ ಈಡು ಹಾರಿಸಿ ಬೆಳೆ ಕಾಯುವವನ ಬಂದೂಕು ಅದು. ವಿನೋದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಮೊದಲಿಗೆ ಬೇಟೆಯನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ. ದೊಡ್ಡ ಬೇಟೆ, ಚಿಕ್ಕ ಬೇಟೆ ಎಂದು ವಿಂಗಡಿಸಿ ಪರವಾನಗಿಗಳನ್ನು ಏರ್ಪಡಿಸಿತು. ಅದರ 17ನೆಯ ಪ್ರಕರಣ ಬೇಟೆಯ ಸಲಕರಣೆ ಮತ್ತು ರೀತಿನೀತಿಗಳ ಒಂದು ಸಂಹಿತೆಯಂತಿತ್ತು. ವಾಹನದಿಂದ ಹೊಡೆಯಕೂಡದು, ವಿಮಾನದಿಂದ ಬೆದರಿಸಿ ಓಡಿಸಕೂಡದು, ಬಲೆ, ಗುಂಡಿ, ವಿಷ, ಸಿಡಿಮದ್ದು ಕೂಡದು, ಕಾಡಿಗೆ ಬೆಂಕಿ ಹಚ್ಚಕೂಡದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಕೂಡದು, ಕೃತಕ ದೀಪ ಕೂಡದು, ನೀರಿನ ತಾಣದಲ್ಲಿ, ಉಪ್ಪಿನ ನೆಲದಲ್ಲಿ ಕಾದು ಹೊಡೆಯಕೂಡದು, ಕೆಲವು ಹಕ್ಕಿಗಳನ್ನು ಬಿಟ್ಟರೆ ನಾಯಿಗಳ ಸಹಾಯ ಕೂಡದು, ದೊಡ್ಡ ಮೃಗವನ್ನು ರೈಫಲ್ಲಿನಿಂದಲ್ಲದೆ, ಇಲ್ಲವೆ ವಿಶೇಷ ಅನುಮತಿಯಿದ್ದರೆ ಒಂಟಿ ಗುಂಡಿನ ಬಂದೂಕಿನಿಂದಲ್ಲದೆ, ಹೊಡೆಯಕೂಡದು. ಕೆಲವಕ್ಕೆ ಕಾಯಿದೆಯೇ ಹೇಳಿದ ಅಪವಾದಗಳಿದ್ದವು.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಹಲವು ಶತಮಾನಗಳು ಒಟ್ಟಿಗೆ ಕಾಣುತ್ತವೆ. ನೀರಿನ ತಾಣದಲ್ಲಿ ಕಾಯುವುದು, ನಾಯಿಗಳನ್ನು ಬಿಡುವುದು ಸೋಮೇಶ್ವರನ ಕಾಲದ ರಾಜವಿನೋದ. ರಾತ್ರಿ, ವಾಹನ ಮತ್ತು ದೀಪಗಳು ಇಪ್ಪತ್ತನೆಯ ಶತಮಾನದ ರಾಜವಿನೋದ. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಅರಸರು ಒಂದು ರಾತ್ರಿ ಮೋಟಾರಿನ ದೀಪದ ಬೆಳಕಿನಲ್ಲಿ ಮೂರು ಚೀತಾಗಳನ್ನು ಹೊಡೆದರು. ನಮ್ಮ ದೇಶದ ಕೊನೆಯ ಚೀತಾಗಳೆಂದು ಅವನ್ನು ಗಣಿಸಲಾಗಿದೆ. 1952ರಲ್ಲಿ ಆ ಪ್ರಾಣಿ ಭಾರತದಿಂದ ಅಳಿಯಿತೆಂದು ಸರಕಾರ ಸಾರಿತು. ಮಾನಸೋಲ್ಲಾಸದ ಸಿವಂಗಿಯ ಕಥೆ ಹೀಗೆ ಮುಗಿಯಿತು. 2022ರಲ್ಲಿ ಕುನೋ ಕಾಡಿಗೆ ತಂದು ಬಿಟ್ಟವು ಆಫ್ರಿಕದವು. ಬಲೆ, ಗುಂಡಿಗಳ ನಿಷೇಧವಾದರೋ ನೇರವಾಗಿ ತಟ್ಟಿದ್ದು ಪಾರಧಿಗೆ. ರೈಫಲ್ಲೇ ಆಗಬೇಕೆಂಬ ನಿಯಮ ತಟ್ಟಿದ್ದು ಭರಮಾರದವನಿಗೆ.

ರೈಫಲ್ಲಿನ ನಿಯಮಕ್ಕೆ ಒಂದು ಕರುಣೆಯ ಕಾರಣವುಂಟು. ಚರೆ ತಗುಲಿದ ದೊಡ್ಡ ಮೃಗ ಒಮ್ಮೆಗೇ ಸಾಯದೆ, ದಿನಗಟ್ಟಲೆ ನರಳಿ ಸಾಯುತ್ತದೆ. ಒಂದೇ ಏಟಿಗೆ ಸಾಯಿಸಬಲ್ಲ ಆಯುಧವೇ ಆಗಲಿ ಎಂಬುದು ನ್ಯಾಯವಾದ ಮಾತು. ಆದರೆ ರೈಫಲ್ಲನ್ನು ಕೊಳ್ಳಬಲ್ಲವರು ಯಾರು? ಪರವಾನಗಿ ಪಡೆಯಬಲ್ಲವರು ಯಾರು? ಮೃಗದ ಮೇಲಿನ ಕರುಣೆಯಿಂದ ಹುಟ್ಟಿದ ನಿಯಮ ಮನುಷ್ಯರ ನಡುವೆ ಹಳೆಯ ಗೆರೆಯನ್ನೇ ಮತ್ತೆ ಎಳೆಯಿತು. ಹತ್ತೊಂಬತ್ತು ವರ್ಷ ಆ ಗೆರೆ ಹಾಗೆಯೇ ಉಳಿಯಿತು.

ಹೊರದೇಶಗಳಲ್ಲಿ ಇದೇ ಪ್ರಶ್ನೆ ಬೇರೆ ರೀತಿಯಲ್ಲಿ ತಿರುಗಿಕೊಂಡಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಾಯಿಂದ ತುಂಬುವ ಬಂದೂಕಿಗಾಗಿಯೇ ಬೇಟೆಯ ಪ್ರತ್ಯೇಕ ಋತುಗಳಿವೆ. ಪೆನ್ಸಿಲ್ವೇನಿಯಾ ರಾಜ್ಯ 1974ರಲ್ಲಿ ಚಕಮಕಿ ಕಲ್ಲಿನ ಬಂದೂಕಿಗೆಂದೇ ಒಂದು ಋತುವನ್ನು ಆರಂಭಿಸಿತು. ಕೈಯಲ್ಲಿ ಒಂದೇ ಏಟು ಇರುವವನು ತಾಳ್ಮೆ ಕಲಿಯುತ್ತಾನೆ, ಮೃಗಕ್ಕೂ ಪಾರಾಗುವ ಅವಕಾಶವಿರುತ್ತದೆ ಎಂಬುದು ಅಲ್ಲಿಯವರ ವಾದ. ಅಡ್ಡಬಿಲ್ಲನ್ನು ಅಲ್ಲಿನ ಹಲವು ರಾಜ್ಯಗಳು ಬಹುಕಾಲ ಬಿಲ್ಲಿನ ಋತುವಿನಿಂದ ಹೊರಗಿಟ್ಟಿದ್ದವು. ತೋಳಿನ ಬಲ ಕುಂದಿದವರಿಗೆ, ಅಂಗವಿಕಲರಿಗೆ ಮಾತ್ರ ಅನುಮತಿ ಕೊಡುತ್ತಿದ್ದವು. ಹೆನ್ರಿಯ ಕಾಲದಲ್ಲಿ ಸಿರಿವಂತನಿಗೆ ಮೀಸಲಾಗಿದ್ದ ಆಯುಧವನ್ನು ಇಪ್ಪತ್ತನೆಯ ಶತಮಾನ ಅಶಕ್ತನಿಗೆ ಮೀಸಲಿಟ್ಟಿತು. ಇದನ್ನು ನಾಗರಿಕತೆಯ ಒಂದು ಮುನ್ನಡೆಯೆಂದು ಒಪ್ಪಲು ಅಡ್ಡಿಯಿಲ್ಲ. ಆದರೆ ಅಲ್ಲಿ ಹಳೆಯ ಬಂದೂಕು ಅನುಕೂಲಸ್ಥರ ಹವ್ಯಾಸ. ಇಲ್ಲಿ ಅದು ಬೇರೇನೂ ಕೊಳ್ಳಲಾಗದವನ ಆಸ್ತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು.

1991ರ ತಿದ್ದುಪಡಿ ನಮ್ಮಲ್ಲಿ ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿತು. ಜೀವಕ್ಕೋ ನಿಂತ ಪೈರಿಗೋ ಅಪಾಯವಾದಾಗ ಅಧಿಕಾರಿಯ ಅನುಮತಿಯಿಂದ ಕೆಲವು ಪ್ರಾಣಿಗಳನ್ನು ಹೊಡೆಯುವ, ಆತ್ಮರಕ್ಷಣೆಗಾಗಿ ಹೊಡೆಯುವ ಅಪವಾದಗಳು ಮಾತ್ರ ಉಳಿದವು. ಅರಸನ ರೈಫಲ್ಲು, ರೈತನ ಭರಮಾರ, ಪಾರಧಿಯ ಉರುಲು, ಬೇಡನ ಬಿಲ್ಲು ಎಲ್ಲಕ್ಕೂ ಮೊದಲ ಬಾರಿಗೆ ಒಂದೇ ಕಟ್ಟಳೆಯಾಯಿತು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಕಥೆಯಲ್ಲಿ ಆಯುಧವನ್ನು ಬಿಟ್ಟು ಮೃಗವನ್ನೇ ಮುಂದಿಟ್ಟುಕೊಂಡು ಮಾಡಿದ ಕಟ್ಟಳೆ ಇದು. ಇದನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಔರಾದ ಕಡೆಯ ಬಯಲಿನಲ್ಲಿ ಬೆಳಗಿನ ಹೊತ್ತು ಕೃಷ್ಣಮೃಗಗಳ ಹಿಂಡು ನೆಗೆದು ಹೋಗುವುದನ್ನು ಕಂಡವರು ಯಾರೂ ಹಳೆಯ ಶಿಕಾರಿಯ ದಿನಗಳು ಮರಳಲೆಂದು ಬಯಸಲಾರರು.

ಆದರೂ ಸಮಾನವಾದ ಕಟ್ಟಳೆಯ ಭಾರ ಸಮಾನವಾಗಿ ಬೀಳಲಿಲ್ಲವೆಂಬುದನ್ನು ಹೇಳಲೇಬೇಕು. ಅರಸನು ಕಳೆದುಕೊಂಡದ್ದು ಒಂದು ವಿನೋದ. ಪಾರಧಿ ಕಳೆದುಕೊಂಡದ್ದು ಕಸಬು. ಬದಲಿಗೆ ದೊರೆತದ್ದು ಕಡಿಮೆ. ತೊಗರಿ, ಕಡಲೆ, ಜೋಳದ ಹೊಲದ ಒಕ್ಕಲಿಗನು ರಾತ್ರಿಯ ಹಂದಿಗೂ ಹಗಲಿನ ಕೃಷ್ಣಮೃಗಕ್ಕೂ ಬೆಳೆಯನ್ನು ಒಪ್ಪಿಸಿ, ಪರಿಹಾರದ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಲ್ಲುತ್ತಾನೆ. ಆ ಅರ್ಜಿಗೆ ಹೊತ್ತಿಗೆ ಸರಿಯಾಗಿ ಉತ್ತರ ಬಾರದಿದ್ದಲ್ಲಿ ಕಳ್ಳ ವಿದ್ಯುತ್ತಿನ ತಂತಿಬೇಲಿಯೂ ಹಿಟ್ಟಿನ ಉಂಡೆಯೊಳಗಿನ ಸಿಡಿಮದ್ದೂ ಕಾಣಿಸಿಕೊಳ್ಳುತ್ತವೆ. ಅವು ಮೃಗವನ್ನೂ ದನವನ್ನೂ ಮನುಷ್ಯನನ್ನೂ ಗುರುತಿಸುವುದಿಲ್ಲ. ಸಪ್ಪಳ ಮಾಡಿ ಬೆದರಿಸುತ್ತಿದ್ದ ಭರಮಾರಕ್ಕಿಂತ ಎಷ್ಟೋ ಪಾಲು ಕ್ರೂರ. ಮೃಗವನ್ನು ಉಳಿಸುವ ಪುಣ್ಯ ನಾಡಿಗೆಲ್ಲ ಸೇರಿದ್ದಾದರೆ ಅದರ ಖರ್ಚನ್ನು ಹೊಲದವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಮೃಗದ ಹೆಜ್ಜೆಯನ್ನು ನೆಲದಲ್ಲಿ ಓದಬಲ್ಲ ಪಾರಧಿಗೆ ಕಾಡು ಕಾಯುವ ಕೆಲಸದಲ್ಲಿ ಸ್ಥಾನವಿದ್ದರೆ ನಷ್ಟವೇನು? ಅವನ ವಿದ್ಯೆಗೆ ಅರಮನೆಯ ಗ್ರಂಥದಲ್ಲಿ ಅಧ್ಯಾಯವಿತ್ತು. ಗಣರಾಜ್ಯದ ಕಚೇರಿಯಲ್ಲಿ ಒಂದು ಹುದ್ದೆಯಿರಬಾರದೇಕೆ?

ಭಾಷೆಯ ವಿದ್ಯಾರ್ಥಿಯಾಗಿ ಇನ್ನೊಂದು ಮಾತನ್ನು ಸೇರಿಸುತ್ತೇನೆ. ಬೇಟೆ ನಿಂತುದರೊಡನೆ ಒಂದು ಪದಲೋಕವೂ ಕರಗುತ್ತಿದೆ. ದೀವ, ಸಿವಂಗಿ, ರಂಜಕ, ಗಜ, ಚರೆ, ಠಾಸಣಿ, ಮಂಚಿಕೆ. ಇವುಗಳಲ್ಲಿ ಕೆಲವು ಪಂಪನಿಗೂ ಹಿಂದಿನವು, ಕೆಲವು ತೋಪಿನ ಜೊತೆ ಬಂದವು. ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಿ ಇವನ್ನು ಬಳಸಿದ ಕೊನೆಯ ತಲೆಮಾರು ಇನ್ನೂ ಇದೆ. ನಮ್ಮ ತರುಣ ಸಂಶೋಧಕರು ಪ್ರಬಂಧಕ್ಕೆ ವಿಷಯ ಹುಡುಕಿ ದೂರ ಹೋಗಬೇಕಾಗಿಲ್ಲ. ಈ ಮುದುಕರ ಬಳಿ ಒಂದು ಮಧ್ಯಾಹ್ನ ಕುಳಿತು ಕೇಳಿ ಬರೆದುಕೊಂಡರೆ ಸಾಕು. ಬಂದೂಕು ಜಂತಿಯ ಮೇಲೆ ತುಕ್ಕು ಹಿಡಿಯಲಿ, ಅದರಿಂದ ಯಾರಿಗೂ ಕೇಡಿಲ್ಲ. ಮಾತುಗಳು ತುಕ್ಕು ಹಿಡಿಯುವುದು ಬೇಡ.

(ಆಕಾಶವಾಣಿಯ ಕೃಪೆಯಿಂದ)